ಹಳೆಯ ಅಂಬಾಸಿಡರ್‌ನಲ್ಲಿ ಕಚ್ಚಿಕೊಂಡ ನಟ್ಟು-ಬೋಲ್ಟು ಬಿಚ್ಚುವ ಬಗೆ

ಮೊದಲು ಸ್ಪ್ಯಾನರ್ ಸೆಟ್ಟು ನೋಡಿಕೊಳ್ಳಿ. 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್‌ನಲ್ಲಿ ಬಹುಪಾಲು ನಟ್ಟು-ಬೋಲ್ಟು ಇಂಚಿನ ಲೆಕ್ಕದ ಯುಎನ್ಎಫ್, ಅಂದರೆ ಸಣ್ಣ ಹಲ್ಲಿನ ಥ್ರೆಡ್ಡಿನವು. ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಬಳುವಳಿ. 5/16 ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಗಟ್ಟಿಯಾಗಿ ಎಳೆದರೆ ಮೂಲೆ ಸವೆದು ತಲೆ ದುಂಡಗಾಗುತ್ತದೆ. 3/8 ಬೋಲ್ಟಿಗೆ 9/16 ಬೇಕು: 14 ಒಳಗೆ ಹೋಗುವುದಿಲ್ಲ, 15 ಜಾರುತ್ತದೆ. 7/16, 1/2, 9/16 ಈ ಮೂರಕ್ಕೆ ಆರು ಮೂಲೆಯ ಸಾಕೆಟ್ ಕೊಂಡುಕೊಳ್ಳಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಹಿಂದೆ ಯಾರೋ ಎಂ8 (8 ಮಿ.ಮೀ. ಮೆಟ್ರಿಕ್ ಬೋಲ್ಟು) ತುರುಕಿರುವುದೂ ಉಂಟು, ಆದ್ದರಿಂದ ಒಂದೊಂದನ್ನೂ ಅಳೆಯಿರಿ.

ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಥ್ರೆಡ್ಡಿನ ಸಂದಿ ತುಂಬಿ ಬಿಗಿಯುವುದು ಹಾಗೆಯೇ. ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಹೊಳೆಯುವಷ್ಟು ಉಜ್ಜಿ, ಇಲ್ಲವಾದರೆ ನಟ್ಟು ಹೊರಬರುವಾಗ ಆ ತುಕ್ಕನ್ನೇ ಅರೆದು ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಣ್ಣೆ. ಅಸಿಟೋನ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸಮಪಾಲು ಬೆರೆಸಿದ್ದು ಚೆನ್ನಾಗಿ ಇಳಿಯುತ್ತದೆ. ಬೇಗ ಬೇರೆಯಾಗುವುದರಿಂದ ಹಾಕುವ ಮುಂಚೆ ಪ್ರತಿಸಲ ಕುಲುಕಬೇಕು. ಒಂದೇ ಸಲ ಸುರಿಯಬೇಡಿ. ಬೆಳಿಗ್ಗೆ, ಸಂಜೆ ನಾಲ್ಕು ನಾಲ್ಕು ಹನಿಯಂತೆ ಎರಡು ದಿನ ಹಾಕಿ, ಪ್ರತಿಸಲವೂ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಐದಾರು ಏಟು ಕೊಡಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ.

ತಿರುಗಿಸುವಾಗ ಮೊದಲು ಬಿಗಿಯುವ ಕಡೆಗೇ ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. 'ಟಕ್' ಎಂದು ಸದ್ದಾದರೆ ಬಿಟ್ಟಿತು ಎಂದು ಲೆಕ್ಕ. ಸದ್ದಿಲ್ಲದೆ ಮೆತ್ತಗೆ ರಬ್ಬರಿನ ಹಾಗೆ ತಿರುಗಿ, ಕೈ ಸಡಿಲಿಸಿದರೆ ಹಿಂದಕ್ಕೆ ಬರುತ್ತಿದ್ದರೆ ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟೇ ತಿರುಚುತ್ತಿದೆ. ಅಲ್ಲೇ ನಿಲ್ಲಿಸಿ. ಸ್ಪ್ಯಾನರಿಗೆ ಎರಡಡಿ ಪೈಪು ಸಿಕ್ಕಿಸಿ ಎಳೆದರೆ 5/16ರ ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿದೇ ಮುರಿಯುತ್ತದೆ. ಬಿಟ್ಟ ಮೇಲೂ ಅವಸರ ಬೇಡ: ಕಾಲು ಸುತ್ತು ಹೊರಗೆ, ಅದರ ಅರ್ಧದಷ್ಟು ಒಳಗೆ, ಕಿರುಗುಟ್ಟಿದರೆ ಎರಡು ಹನಿ ಎಣ್ಣೆ.

ಎಂಜಿನ್ನಿನ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳಿಗೆ ಎಣ್ಣೆಯಷ್ಟೇ ಸಾಲದು, ಬೆಂಕಿ ಬೇಕು. ಅಸಿಟೋನ್ ಹಾಕಿದ್ದರೆ ಪೂರ್ತಿ ಒರೆಸಿ, ಆರಿದ ಮೇಲೆ ಮಾತ್ರ ಹಚ್ಚಿ. ನಟ್ಟನ್ನಷ್ಟೇ ಮಂದ ಕೆಂಪಾಗುವವರೆಗೆ ಕಾಯಿಸಿ, ಕೆಂಪು ಆರಿದೊಡನೆ ಥ್ರೆಡ್ಡಿಗೆ ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಸಂದಿಯೊಳಗೆ ತಾನೇ ಎಳೆದುಕೊಳ್ಳುತ್ತದೆ. ಕೆಂಪಿರುವಾಗಲೇ ಮುಟ್ಟಿಸಿದರೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಮತ್ತು ಬ್ರೇಕ್ ಪೈಪು, ರಬ್ಬರ್ ಬುಷ್ ಇರುವ ಕಡೆ ಜ್ವಾಲೆ ಬೇಡವೇ ಬೇಡ. ಹಿಂದಿನ ಪಟ್ಟಾದ (ಲೀಫ್ ಸ್ಪ್ರಿಂಗಿನ) ಯು-ಬೋಲ್ಟುಗಳ ಜೊತೆ ಗುದ್ದಾಡುವುದು ದಂಡ. ಗ್ರೈಂಡರಿನಿಂದ ಕತ್ತರಿಸಿ ಹೊಸದು ಹಾಕಿ.

ಹೆಚ್ಚು ಕಾಡುವುದು ಥರ್ಮೋಸ್ಟಾಟ್ ಹೌಸಿಂಗ್, ಅಂದರೆ ಎಂಜಿನ್ನಿನ ತಂಪು ನೀರಿನ ಹರಿವು ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಮೇಲಿನ ಅಲ್ಯೂಮಿನಿಯಂ ಮುಚ್ಚಳ. ನಟ್ಟುಗಳು ಸುಲಭವಾಗಿ ಬಂದರೂ ಹೌಸಿಂಗ್ ಮಿಸುಕುವುದಿಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವೆ ನೀರು ಸೇರಿ ಹುಟ್ಟಿದ ಬಿಳಿ ಪುಡಿ ಸ್ಟಡ್ ಸುತ್ತ ಗಾರೆಯ ಹಾಗೆ ಕೂತಿರುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಸ್ಟಡ್ ತೂರುವ ಅಂಚಿನ ಕಿವಿ ಮುರಿಯುತ್ತದೆ. ಸ್ಟಡ್ ಸುತ್ತ ಎಣ್ಣೆ ಇಳಿಬಿಡಿ, ಮರದ ಸುತ್ತಿಗೆಯಿಂದ ಪಕ್ಕಗಳಿಗೆ ಮೆಲ್ಲಗೆ ತಟ್ಟಿ, ಆಮೇಲೆ ಮೇಲೆ ಕುದಿನೀರು ಸುರಿಯಿರಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ತೂತು ಸಡಿಲವಾಗುತ್ತದೆ. ಕೂದಲೆಳೆಯಷ್ಟು ಎದ್ದರೆ ಮತ್ತೆ ಕೆಳಕ್ಕೆ ತಟ್ಟಿ, ಎಣ್ಣೆ ಬಿಟ್ಟು ಮತ್ತೆ ಎತ್ತಿ. ಅರ್ಧ ದಿನ ಹಿಡಿದರೂ ಹಿಡಿಯಲಿ.

ಬ್ರೇಕಿನ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಒಳಗೆ ಟೊಳ್ಳು, ಬರೀ ಸ್ಪ್ಯಾನರ್ ಹಾಕಿದರೆ ತಿರುಚಿ ಮುರಿಯುತ್ತದೆ. ಅದರ ತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಸಿಕ್ಕಿಸಿ, ಅದರ ಮೇಲೆ ಎರಡು ಹಗುರ ಏಟು ಹಾಕಿ, ಬಿಟ್ ಒಳಗಿರುವಾಗಲೇ ತಿರುಗಿಸಿ.

ಸ್ಟಡ್ ಮುರಿದೇ ಹೋಯಿತೇ? ತುಂಡು ಹೊರಗಿದ್ದರೆ ಅದರ ಮೇಲೆ ನಟ್ಟಿಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿಡಿ. ವೆಲ್ಡಿಂಗಿನ ಕಾವಿಗೇ ಅರ್ಧ ಕೆಲಸ ಆಗಿರುತ್ತದೆ. ಮಟ್ಟಸವಾಗಿ ಮುರಿದಿದ್ದರೆ ನಟ್ಟನಡುವೆ ಸೆಂಟರ್ ಪಂಚ್ ಹೊಡೆದು 3 ಮಿ.ಮೀ., ಆಮೇಲೆ 5, ಕೊನೆಗೆ 6.9 ಡ್ರಿಲ್ ಮಾಡಿ, 5/16 ಯುಎನ್ಎಫ್ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ. ತೂತು ಒಂದು ಕಡೆಗೆ ವಾಲಿದರೆ ಕಾಸ್ಟಿಂಗೇ ಕೊರೆದುಹೋಗುತ್ತದೆ. ಈಜಿ-ಔಟ್ (ಮುರಿದ ತುಂಡಿನ ತೂತಿಗೆ ಎದುರುಸುತ್ತು ಹಾಕಿ ಹೊರತೆಗೆಯುವ ತಿರುಪು) ಬಳಸಲು ನಾವು ಹೇಳುವುದಿಲ್ಲ. ಅದು ಗಡುಸು ಉಕ್ಕು. ಒಳಗೇ ಮುರಿದರೆ ಮಾಮೂಲಿ ಡ್ರಿಲ್ಲಿಗೆ ಬಗ್ಗುವುದಿಲ್ಲ.

ಮರುಜೋಡಣೆಗೆ ಎಂ8 ನಟ್ಟು ತರಬೇಡಿ. ಅದು 5/16ರ ಮೇಲೆ ಎರಡು ಸುತ್ತು ಹೋಗಿ ಥ್ರೆಡ್ ಕೆಡಿಸಿ ನಿಲ್ಲುತ್ತದೆ. ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ಟು ಹಾಕಿ. ಸ್ಟಡ್ಡುಗಳಿಗೆ ತಾಮ್ರದ ಆಂಟಿ-ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಜಿಡ್ಡು) ತೆಳ್ಳಗೆ ಬಳಿಯಿರಿ. ಜಿಡ್ಡಿರುವ ಥ್ರೆಡ್ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಹೆಚ್ಚು ಬಿಗಿಯುವುದರಿಂದ, ಒಣ ಥ್ರೆಡ್ಡಿಗೆ ಕೊಟ್ಟ ಅಂಕಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ.