ಗ್ರಹಣದ ಹಿಂದಿನ ದಿನ ಐನೋರ ಕೈಗೆ ಮೈಕ್ ಕೊಟ್ಟೆ

ಗ್ರಹಣದ ದಿನ ಬಸುರಿ ಹೆಂಗಸರು ಒಂದು ಲೋಟ ನೀರೂ ಇಲ್ಲದೆ ಕತ್ತಲೆ ಕೋಣೆಯಲ್ಲಿ ಮಲಗೋದು ನಿಲ್ಲಬೇಕು. ನನಗೆ ಬೇಕಾಗಿದ್ದು ಇದೊಂದೇ. ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಅದು ಬಹುಪಾಲು ನಿಂತಿದೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದು 2010ರ ಜನವರಿ 15ರಂದು. ಬೆಳಿಗ್ಗೆ ಹನ್ನೊಂದಕ್ಕೆ ಹಿಡಿದ ಗ್ರಹಣ ಮಧ್ಯಾಹ್ನ ಮೂರು ದಾಟಿದ ಮೇಲೆ ಬಿಟ್ಟಿತು. ವೈಜ್ಞಾನಿಕ ಮನೋಭಾವ ಬೆಳೆಸೋದು ನಾಗರಿಕರ ಕರ್ತವ್ಯ ಅನ್ನೋ ಸಂವಿಧಾನದ 51ಎ(ಎಚ್) ವಿಧಿ ಹಾಕಿ ಸಾವಿರ ಕರಪತ್ರ ಹೊಡೆಸಿದ್ದೆವು. ಸಾವಿರದ ಇನ್ನೂರೋ ಮುನ್ನೂರೋ ರೂಪಾಯಿ ಆಯಿತು. ಗ್ರಹಣದ ಹೊತ್ತಿಗೇ ಗುಡಿ ಮುಂದೆ ನಿಂತು ಒಗ್ಗರಣೆ ಅವಲಕ್ಕಿ ಹಂಚಿದೆವು. ಮುಕ್ಕಾಲು ಪಾಲು ಹಾಗೇ ಉಳಿಯಿತು. ‘ನಮ್ ದೇವ್ರ ಬಾಗ್ಲಲ್ಲೇ ಯಾಕಪ್ಪ ಹಿಂಗ್ ಮಾಡ್ತೀರಾ’ ಅಂತ ಒಬ್ಬ ಅಜ್ಜಿ ಕಣ್ಣೀರು ಹಾಕಿದರು. ಆ ವಾರ ಹತ್ತು ಹನ್ನೆರಡು ಮಕ್ಕಳು ವಿಜ್ಞಾನ ಕ್ಲಬ್ ಬಿಟ್ಟರು.

2019ರ ಡಿಸೆಂಬರ್ 26ರ ಗ್ರಹಣಕ್ಕೆ ಪಂಚಾಂಗ ಹಿಡಿದುಕೊಂಡೇ ಐನೋರ ಮನೆಗೆ ಹೋದೆ. ಸ್ಪರ್ಶ, ಮೋಕ್ಷದ ಹೊತ್ತು, ಅಂದರೆ ಗ್ರಹಣ ಹಿಡಿಯೋ, ಬಿಡೋ ಹೊತ್ತು, ನಮ್ಮ ಲೆಕ್ಕಕ್ಕೆ ಒಂದೆರಡು ನಿಮಿಷ ಆಚೆ ಈಚೆ, ಅಷ್ಟೇ. ಕೆಳಗೇ ಇತ್ತು: ಮಕ್ಕಳು, ಮುದುಕರು, ಕಾಯಿಲೆಯವರು, ಬಸುರಿಯರಿಗೆ ಉಪವಾಸದ ಕಟ್ಟಿಲ್ಲ. ‘ಐನೋರೇ, ಇದನ್ನ ನೀವೇ ಮೈಕಲ್ಲಿ ಓದಿಬಿಡಿ’ ಅಂದೆ. ಮೂರು ಸಲ ಹೋಗಬೇಕಾಯಿತು. ಮೂರನೇ ಸಲ ಏನು ಹೇಳಿ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ನಮ್ಮ ಸಂಘದ ಗೆಳೆಯರೇ ‘ಪುರೋಹಿತರಿಗೆ ಶರಣಾದೆ’ ಅಂತ ಜಗಳಕ್ಕೆ ಬಂದರು. ಇನ್ನೊಂದು ಕಡೆಯವರು ‘ಧರ್ಮದೊಳಗೆ ಕೈ ಹಾಕ್ತಿದಾನೆ’ ಅಂದರು. ಇಬ್ಬರಿಗೂ ಹೇಳಿದ್ದು ಒಂದೇ ಮಾತು: ಎಂಟು ತಿಂಗಳ ಬಸುರಿ ಹಿಂದಿನ ರಾತ್ರಿಯಿಂದ ನೀರು ಕುಡಿಯದೆ ಮಲಗಿರ್ತಾಳೆ, ಮೊದಲು ಅವಳ ಮಾತಾಡೋಣ.

ಈ ಸಲದ ಖರ್ಚು ಎಂಟುನೂರು ರೂಪಾಯಿಯೊಳಗೆ. ಗ್ರಹಣ ನೋಡೋ ಕನ್ನಡಕಗಳಿಗೇ ಐನೂರು ಹೋಯಿತು. ಉಳಿದದ್ದು ಮರಳು ತುಂಬಿದ ಚೆಂಡು, ಅದರ ಮೇಲೆ ಅಂಟಿಸಿದ ಪುಟ್ಟ ಕನ್ನಡಿ. ಕನ್ನಡಿಗೆ ಬಿದ್ದ ಬಿಸಿಲಿನಿಂದ ಇಪ್ಪತ್ತು ಮೀಟರ್ ದೂರದ ಗೋಡೆ ಮೇಲೆ ಹೆಚ್ಚುಕಡಿಮೆ ಒಂದು ಗೇಣಿನ ಸೂರ್ಯ ಮೂಡುತ್ತೆ. ಕನ್ನಡಿಗೆ ಹೊದಿಸಿದ ಕಾಗದದಲ್ಲಿ ಎಷ್ಟು ದೊಡ್ಡ ತೂತು ಬಿಡಬೇಕು ಅಂತ ಹೇಳಲ್ಲ, ನಾನು ಅದಕ್ಕೆ ಹದಿನೈದು ಕಾಗದ ಹಾಳು ಮಾಡಿದ್ದೇನೆ. ಬಿಂಬ ಸರಿಯುತ್ತಲೇ ಇರುತ್ತೆ. ಚೆಂಡು ತಿರುಗಿಸೋಕೆ ಒಬ್ಬ ಹುಡುಗ ಬೇಕೇ ಬೇಕು.

ಒನಕೆ ವಿಷಯ ಇಲ್ಲಿ ಹೇಳಿಬಿಡ್ತೀನಿ. ತಟ್ಟೆ ನೀರಲ್ಲಿ ಒನಕೆ ನೆಟ್ಟಗೆ ನಿಲ್ಲೋದು ಗ್ರಹಣದ ಹೊತ್ತಲ್ಲಿ ಮಾತ್ರ ಅಂತ ಜನ ನಂಬ್ತಾರೆ. ಗ್ರಹಣಕ್ಕೆ ಮೂರು ದಿನ ಮೊದಲೇ ಎಂಟನೇ ಕ್ಲಾಸಿನ ಹುಡುಗಿಯರು ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದರು. ಏಳನೇ ಸಲಕ್ಕೆ ನಿಂತಿತು. ನೋಡುತ್ತಿದ್ದವರಲ್ಲಿ ಆ ಅಜ್ಜಿಯೂ ಇದ್ದರು. ‘ಹಂಗಾದ್ರೆ ಗ್ರಹಣಕ್ಕೆ ಕಾಯ್ಬೇಕಿಲ್ವಾ?’ ಅಂದರು. ನಾನು ಸುಮ್ನಿದ್ದೆ. ಮಾರನೇ ದಿನ ತಮ್ಮ ಮನೆಯಲ್ಲೇ ನಿಲ್ಲಿಸಿ ನೋಡಿದರಂತೆ.

ಹಿಂದಿನ ಸಂಜೆ ಮಂಗಳಾರತಿ ಆದಮೇಲೆ ಐನೋರು ಮೈಕಲ್ಲಿ ಓದಿದರು. ಬೆಳಿಗ್ಗೆ ಎಂಟಕ್ಕೆ ಗುಡಿ ಬಾಗಿಲು ಹಾಕಿ, ಒದ್ದೆ ಪಂಚೆಯಲ್ಲೇ ಸಮುದಾಯ ಭವನಕ್ಕೆ ಬಂದರು. ಕೊಡಗಿನ ಕುಟ್ಟದ ಕಡೆ ಬಳೆಯ ಹಾಗೆ ಕಂಡ ಸೂರ್ಯ ನಮ್ಮ ಗೋಡೆ ಮೇಲೆ ತೆಳು ಕುಡುಗೋಲಾಗಿದ್ದ. ಅವರು ಗಡಿಯಾರ ನೋಡಿ, ಆ ಕುಡುಗೋಲಿನ ಅಂಚಿಗೆ ಬೆರಳಿಟ್ಟು ‘ಮಧ್ಯಕಾಲ’ ಅಂದರು. ಅಲ್ಲಿದ್ದ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು.

ಬಸುರಿಯರು ನೋಡೋಕೆ ಬರಲಿಲ್ಲ. ಆದರೆ ಒಂಬತ್ತು ಜನರಲ್ಲಿ ಆರು ಮಂದಿ ಬೆಳಿಗ್ಗೆಯೇ ಉಪ್ಪಿಟ್ಟು ತಿಂದಿದ್ದರು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಕೇಳಿಕೊಂಡು ಬಂದು ಹೇಳಿದ್ದು.

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ವಾರ ಮೊದಲೇ ಐನೋರ ಫೋನ್ ಬಂತು. ‘ಮೇಷ್ಟ್ರೇ, ಓದೋ ಚೀಟಿ ನಾನೇ ಬರ್ಕೊಂಡಿದೀನಿ. ಚೆಂಡು ತರ್ತೀರಾ?’ ಚಂದ್ರನಿಗೆ ಚೆಂಡು ಬೇಡ, ಬರಿಗಣ್ಣು ಸಾಕು ಅಂದೆ.