ಬೇಲಿ ಸಾಲಿನ ತಂಗಡಿ ನಮ್ಮ ಅಂಗಳಕ್ಕೆ ಬಂದದ್ದು

ನಮ್ಮದು ಶಿರಾ ಕಡೆ. ಏಪ್ರಿಲ್ ಬಂತೆಂದರೆ ಬೋರ್‌ವೆಲ್ ನೀರು ಕುಡಿಯೋಕೆ, ಬಟ್ಟೆಗೆ ಅಷ್ಟೇ. ಎರಡು ಬೇಸಿಗೆ ಗುಲಾಬಿ ಒಣಗಿಸಿ ಸಾಕಾಗಿ, ಗೇಟಿನ ಪಕ್ಕ ತಂಗಡಿ ಹಾಕಲು ಹೊರಟೆ. ಆವರಿಕೆ ಅಂತಲೂ ಅಂತಾರಲ್ಲ, ಹಳದಿ ಹೂವಿನ ಪೊದೆ ಗಿಡ, ಅದೇ. ಪಕ್ಕದ ಮನೆ ಅಕ್ಕ ನಕ್ಕರು: "ಬೇಲೀಲಿ ಬೆಳೆಯೋದನ್ನ ಯಾರಾದ್ರೂ ಅಂಗಳಕ್ಕೆ ತರ್ತಾರೇನಮ್ಮಾ?"

ಮೊದಲು ರಸ್ತೆ ಬದಿಯ ಮೊಳಕಾಲೆತ್ತರದ ಗಿಡವೊಂದನ್ನು ಅಗೆದು ತಂದೆ. ತಾಯಿಬೇರು ಆಳಕ್ಕೆ ಇಳಿದಿತ್ತು, ಅರ್ಧಕ್ಕೇ ತುಂಡಾಯಿತು. ನಾಲ್ಕೇ ದಿನಕ್ಕೆ ಎಲೆಯೆಲ್ಲ ಉದುರಿತು. ಆಮೇಲೆ ಒಣಗಿದ ಚಪ್ಪಟೆ ಕಾಯಿ ಬಿಡಿಸಿ, ಬೀಜ ಸುಮ್ನೆ ಮಣ್ಣಿಗೆ ಹಾಕಿದೆ. ತಿಂಗಳಾದ ಮೇಲೆ ಕೆದಕಿದರೆ, ಹಾಕಿದ ಹಾಗೇ ಕೂತಿದ್ದವು! ಸಿಪ್ಪೆ ಅಷ್ಟು ಗಟ್ಟಿ.

ಮುಂದಿನ ಸಲ ಒಂದೊಂದೇ ಬೀಜವನ್ನು ಉಪ್ಪು ಕಾಗದಕ್ಕೆ ಉಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಉಬ್ಬಿದ್ದನ್ನು ಮಾತ್ರ ಆರಿಸಿ, ತೂತು ಮಾಡಿದ ಹಾಲಿನ ಕವರಲ್ಲಿ ಕೆಂಪು ಮಣ್ಣು, ಮರಳು ಬೆರೆಸಿ ಹಾಕಿದೆ. ಹತ್ತು ದಿನದಲ್ಲಿ ಮೊಳಕೆ ಬಂತು. ಗೇಣುದ್ದ ಆದಾಗ, ಮುಂಗಾರು ಹಿಡಿದ ಮೇಲೆ, ಕವರ್ ಸೀಳಿ ಮಣ್ಣಿನ ಹೆಂಟೆ ಒಡೆಯದ ಹಾಗೆ ಗುಂಡಿಗೆ ಇಳಿಸಿದೆ.

ನೆಟ್ಟದ್ದು ಮೂರು. ಒಂದಕ್ಕೆ ಪ್ರೀತಿ ಜಾಸ್ತಿಯಾಗಿ ದಿನಾ ನೀರು, ಬುಟ್ಟಿಗಟ್ಟಲೆ ಗೊಬ್ಬರ ಹಾಕಿದೆ. ಬುಡ ಕಪ್ಪಾಗಿ ಕೊಳೆತುಹೋಯಿತು. ಉಳಿದೆರಡಕ್ಕೆ ಮೊದಲ ಬೇಸಿಗೆ ವಾರಕ್ಕೊಂದು ಬಿಂದಿಗೆ ಕೊಟ್ಟೆ, ಆಮೇಲೆ ಅದೂ ಇಲ್ಲ.

ಎರಡನೇ ವರ್ಷ ಹೂ ಬಂತು. ಬೆಳಿಗ್ಗೆ ಹತ್ತಿರ ನಿಂತು ನೋಡಬೇಕು. ಎಲೆಯ ತೊಟ್ಟಿನ ಬುಡದಲ್ಲಿ ಪುಟ್ಟ ಕಿವಿಯಂಥ ಎಲೆಚೂರು ಇರುತ್ತದೆ, ಈ ಗಿಡ ಗುರುತು ಹಿಡಿಯೋಕೆ ಅದೇ ಸುಲಭ. ಕಪ್ಪು ದುಂಬಿ ಬಂದು ಹಳದಿ ಹೂವಿಗೆ ಜೋತುಬಿದ್ದು ಜುಂಯ್ ಅಂತ ಇಡೀ ಮೈ ನಡುಗಿಸುತ್ತದೆ. ಹೂವಲ್ಲಿ ಮಕರಂದ ಇಲ್ಲ, ಅದು ಬರೋದೇ ಪರಾಗ ಉದುರಿಸಿಕೊಳ್ಳೋಕೆ.

ಮಳೆಗಾಲದಲ್ಲಿ ಹಸಿರು ಹುಳ ಎಲೆ ತಿಂದು ಗಿಡ ಬೋಳಾದಾಗ ಔಷಧಿ ಹೊಡೆಯೋಣ ಅನ್ನಿಸಿತ್ತು. ಅವು ಚಿಟ್ಟೆಯ ಮರಿಗಳು ಅಂತ ಗೊತ್ತಿತ್ತು, ಬಿಟ್ಟೆ. ತಿಂಗಳೊಳಗೆ ಮತ್ತೆ ಚಿಗುರಿತು.

ಈಗ ಕಾಯಿ ಒಣಗಿದ ಮೇಲೆ ಸೊಂಟದೆತ್ತರಕ್ಕೆ ಕತ್ತರಿಸುತ್ತೇನೆ. ಇಲ್ಲದಿದ್ದರೆ ಬುಡವೆಲ್ಲ ಬೋಳಾಗಿ, ತುದಿಯಲ್ಲಷ್ಟೇ ಹೂ. ಕತ್ತರಿಸಿದ ಎಳೆ ಕಡ್ಡಿಗಳನ್ನು ನಮ್ಮ ಮಾವ ಹಲ್ಲುಜ್ಜೋಕೆ ಅಂತ ಎತ್ತಿಟ್ಟುಕೊಳ್ಳುತ್ತಾರೆ.