ಅಪ್ಪನ ಕ್ಯಾಸೆಟ್‌ಗಳು: ಬೂಷ್ಟು ಹಿಡಿದ ಟೇಪಿನಿಂದ ದನಿ ತೆಗೆದದ್ದು

ಕೊನೆಗೂ ಆಯಿತು. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. "ಮೇಡಂ, ಬೂಷ್ಟು ಹಿಡಿದ ಟೇಪು. ಅದೂ ಸೆಲ್ ಡೌನ್ ಆಗ್ತಾ ಆಗ್ತಾ ರೆಕಾರ್ಡ್ ಆಗಿರೋದು. ಸುಮ್ನೆ ಡೆಕ್ ಹಾಳು ಮಾಡ್ಕೋಬೇಡಿ" ಅಂತ ಹಳೇ ಟೇಪು ಸರಿಮಾಡುವ ಈ ಕೆಲಸದಲ್ಲಿ ನನಗಿಂತ ಹಳಬರೇ ಹೇಳಿದ್ದರು. ಒಂದು ಡೆಕ್ (ಕ್ಯಾಸೆಟ್ ಹಾಕುವ ಯಂತ್ರ) ಹಾಳಾಯಿತು, ನಿಜ. ಆದರೆ ಇಪ್ಪತ್ತು ಚಿಲ್ಲರೆ ಕ್ಯಾಸೆಟ್‌ಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಈಗ ಚೆನ್ನಾಗಿ ಕೇಳುತ್ತವೆ. ಹೆಡ್ (ಟೇಪಿನಿಂದ ದನಿ ಓದುವ ಭಾಗ) ಕ್ಲೀನಿಂಗ್, ಅಜಿಮತ್ (ಹೆಡ್ಡಿನ ಓರೆ ಸರಿಮಾಡುವುದು), ಸ್ಪ್ಲೈಸಿಂಗ್ (ತುಂಡಾದ ಟೇಪು ಅಂಟಿಸುವುದು) ಎಲ್ಲ ಗೊತ್ತಿರುವವರಿಗೆ ಗೊತ್ತು. ಎಲ್ಲಿ ಕೈಕೊಟ್ಟಿತು, ಎಲ್ಲಿ ದುಡ್ಡು ಹೋಯಿತು, ಎಲ್ಲಿ ದಾರಿ ಸಿಕ್ಕಿತು ಅನ್ನುವುದಷ್ಟೇ ಇಲ್ಲಿದೆ.

ಕ್ಯಾಸೆಟ್‌ಗಳಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅಪ್ಪನಿಗೆ ಆಟ ಅಂದರೆ ಪ್ರಾಣ. ಕ್ರಿಕೆಟ್, ಹಾಕಿ, ಶಟಲ್, ಯಾವುದಾದರೂ ಸರಿ. ನಾನು ಚಿಕ್ಕವಳಿದ್ದಾಗ ಹಗಲು-ರಾತ್ರಿ ಮ್ಯಾಚ್ ಇದ್ದರೆ ಪೂರ್ತಿ ನೋಡಲು ಬಿಡುತ್ತಿರಲಿಲ್ಲ, ಮಾರನೇ ದಿನ ಸ್ಕೂಲು. ನಾನು ರಂಪ ಮಾಡಿ ಮಲಗುತ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಅಪ್ಪ ಹಾಲ್‌ನಲ್ಲಿ ಒಬ್ಬರೇ ಕೂತು, ಸಣ್ಣ ಮೋನೋ ರೆಕಾರ್ಡರ್ ಮುಂದಿಟ್ಟುಕೊಂಡು, ನಾನು ನೋಡದ ಓವರ್‌ಗಳಿಗೆಲ್ಲ ಕಾಮೆಂಟರಿ ಹೇಳಿಡುತ್ತಿದ್ದರು. ಶುರು ಯಾವಾಗಲೂ ಒಂದೇ: "ಪುಟ್ಟೀ, ಎದ್ದೆಯಾ? ಕೇಳು." ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಕೇಳುತ್ತಿದ್ದೆ. ಫಲಿತಾಂಶ ಮೊದಲೇ ಹೇಳಬಾರದು ಅಂತ ಅಮ್ಮನಿಗೂ ತಾಕೀತು ಮಾಡಿದ್ದರು.

ಅಪ್ಪ ಹೋದದ್ದು ಒಂದು ಬೆಳಿಗ್ಗೆ ಶಟಲ್ ಆಡಿ ಬಂದು ಶೂ ಬಿಚ್ಚುವಾಗ. ಹಾರ್ಟ್ ಅಟ್ಯಾಕ್. ಫೋಟೋ ಬೇಕಾದಷ್ಟಿವೆ. ದನಿ ಇರುವುದು ಈ ಕ್ಯಾಸೆಟ್‌ಗಳಲ್ಲಿ ಮಾತ್ರ, ಅವೂ ಅಟ್ಟದ ಮೇಲೆ ಮಳೆ ನೀರು ಸೋರುವ ಕಡೆ ರಟ್ಟಿನ ಡಬ್ಬದಲ್ಲಿದ್ದವು.

ಡಬ್ಬ ತೆಗೆದಾಗ ಟೇಪಿನ ಸುರುಳಿಯ ಅಂಚಿಗೆಲ್ಲ ಪೌಡರ್ ಉದುರಿಸಿದ ಹಾಗೆ ಬಿಳೀ ಬೂಷ್ಟು. ಮಾಡಿಕೊಡುವವರನ್ನು ವಿಚಾರಿಸಿದೆ. ಒಬ್ಬರು ನನ್ನ ಎರಡು ತಿಂಗಳ ಸಂಬಳದಷ್ಟು ಕೇಳಿದರು, ಗ್ಯಾರಂಟಿ ಇಲ್ಲ ಅಂತಲೂ ಸೇರಿಸಿದರು. ಇನ್ನೊಬ್ಬರು ಒಂದು ಕ್ಯಾಸೆಟ್ ಸ್ಯಾಂಪಲ್‌ಗೆ ತೆಗೆದುಕೊಂಡು, ಟೇಪ್ ತುಂಡು ಮಾಡಿ, ತುಂಡನ್ನು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ಅವತ್ತೇ ನಾನೇ ಮಾಡುವುದು ಅಂತ ತೀರ್ಮಾನ ಮಾಡಿದೆ.

ಸೆಕೆಂಡ್ ಹ್ಯಾಂಡ್ ಡೆಕ್ಕಿಗೆ ಒಂದು ಒಳ್ಳೇ ಫೋನ್ ಬರುವಷ್ಟು ದುಡ್ಡು ಹೋಯಿತು. ಅದರಲ್ಲಿ ಮೊದಲು ಹಾಕಿದ ಕ್ಯಾಸೆಟ್ಟೇ ಕೀಂಯ್ ಅಂತ ಕಿರುಚಿ, ಟೇಪು ಅದನ್ನು ಎಳೆಯುವ ತಿರುಗುಕಡ್ಡಿಯಾದ ಕ್ಯಾಪ್‌ಸ್ಟನ್‌ಗೆ ಸುತ್ತಿಕೊಂಡಿತು. ಬೂಷ್ಟು ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ, ಮೋಟಾರ್ ಎಳೆದರೆ ಬಿಡುವುದಿಲ್ಲ. ಆಮೇಲೆ ಎಲ್ಲವನ್ನೂ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಕೆಲವು ವಾರ ಇಟ್ಟೆ. ಬೂಷ್ಟು ಒಣಗಿ ಪುಡಿಯಾಯಿತು. ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ಕೈಯಲ್ಲೇ ನಿಧಾನಕ್ಕೆ ಸುತ್ತುತ್ತಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಒರೆಸಲು ನಾನೊಂದು ಸಣ್ಣ ಗಾಲಿ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಟೇಪಿನ ಎರಡೂ ಮುಖ, ಎರಡೂ ಅಂಚು ಒಂದೇ ಸುತ್ತಿನಲ್ಲಿ ಸ್ವಚ್ಛ ಆಗುತ್ತವೆ. ಅದರ ವಿವರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಓವನ್‌ನಲ್ಲಿ ಕಾಯಿಸಿ ಅಂತ ಹೇಳುವವರು ಇದ್ದೇ ಇರುತ್ತಾರೆ. ಬೇಡದ ಹಾಡಿನ ಕ್ಯಾಸೆಟ್ ಒಂದನ್ನು ಐವತ್ತು ಡಿಗ್ರಿ ಆಸುಪಾಸಿನಲ್ಲಿ ರಾತ್ರಿಯಿಡೀ ಇಟ್ಟು ನೋಡಿದೆ. ಲೇಬಲ್ ಕಿತ್ತು ಬಂತು, ಕಿರುಚಾಟ ಹಾಗೇ ಇತ್ತು. ಬೈಂಡರ್ (ಕಾಂತದ ಪುಡಿಯನ್ನು ಟೇಪಿಗೆ ಹಿಡಿದಿಡುವ ಅಂಟು) ಅಂಟಂಟಾಗುವ ಕೆಲವು ಜಾತಿಯ ಸ್ಪೂಲ್ ಟೇಪಿಗೆ ಆ ಮದ್ದು. ನಮ್ಮ ಮಾಮೂಲಿ ಫೆರಿಕ್ (ಕಬ್ಬಿಣದ ಆಕ್ಸೈಡ್ ಬಳಿದ) ಕ್ಯಾಸೆಟ್ಟಿನ ರೋಗ ಬೇರೆ.

ಅಪ್ಪನ ಕ್ಯಾಸೆಟ್‌ಗಳು ಸ್ಕ್ರೂ ಇಲ್ಲದ, ಅಂಟಿಸಿ ಮುಚ್ಚಿದ ಜಾತಿಯವು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪ್ರೆಷರ್ ಪ್ಯಾಡಿನ ಸ್ಪಂಜು ಉದುರಿ ಹೋಗಿತ್ತು. ಪ್ಯಾಡ್ ಇಲ್ಲದಿದ್ದರೆ ದನಿ ಬಂದು ಬಂದು ಹೋಗುತ್ತದೆ, ಗೊತ್ತಲ್ಲ. ಗುಜರಿಯಿಂದ ಸ್ಕ್ರೂ ಇರುವ ಹಳೇ ಕ್ಯಾಸೆಟ್‌ಗಳನ್ನು ತೂಕಕ್ಕೆ ತಂದು, ಅವುಗಳ ಚಿಪ್ಪಿಗೆ ಅಪ್ಪನ ಟೇಪು ಹಾಕಿದೆ. ಇಡೀ ಕೆಲಸದಲ್ಲಿ ಅಗ್ಗವಾಗಿ ಮುಗಿದದ್ದು ಇದೊಂದೇ. ತುಂಡಾದ ಕಡೆ ಹರಕು ಅಂಚನ್ನು ಕತ್ತರಿಸಿ ಸ್ಪ್ಲೈಸ್ ಮಾಡಿದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಟೇಪಿನಲ್ಲಿ ಐದು ಮಿಲಿಮೀಟರ್ ಕತ್ತರಿಸಿದರೆ ಹತ್ತರಲ್ಲೊಂದು ಸೆಕೆಂಡು ಹೋದಂತೆ. ಒಂದು ಕಡೆ 'ಶ್ರೀನಾಥ್' ಈಗ 'ಶ್ರೀನಾ' ಅಷ್ಟೇ.

ಇಷ್ಟಾದ ಮೇಲೆ ಅಮ್ಮನಿಗೆ ಹಾಕಿ ಕೇಳಿಸಿದೆ. ಐದು ನಿಮಿಷ ಕೇಳಿದಳು. "ಇದು ನಿಮ್ಮಪ್ಪನ ದನಿ ಅಲ್ಲ ಕಣೇ. ಯಾರೋ ಹುಡುಗ ಮಾತಾಡಿದ ಹಾಗಿದೆ."

ಸರಿಯಾಗೇ ಹೇಳಿದ್ದಳು. ಅಡಾಪ್ಟರ್ ಹಾಕಿದರೆ ಗುಂಯ್ ಅನ್ನುತ್ತೆ ಅಂತ ಅಪ್ಪ ಸೆಲ್ ಮೇಲೇ ರೆಕಾರ್ಡ್ ಮಾಡುತ್ತಿದ್ದರು. ಮುಗಿದ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವವರು ಬೇರೆ. ರೆಕಾರ್ಡ್ ಆಗುವಾಗ ಮೋಟಾರ್ ಸೋತು ನಿಧಾನವಾದರೆ, ಸರಿಯಾದ ವೇಗದಲ್ಲಿ ಹಾಕಿದಾಗ ದನಿ ಏರುತ್ತದೆ. ಕ್ಯಾಸೆಟ್ ಮುಗಿಯುವ ಹೊತ್ತಿಗೆ ಅಪ್ಪ ಕೀಚಲು ದನಿಯಲ್ಲಿ ಓಡೋಡಿ ಮಾತಾಡುತ್ತಿದ್ದರು. ಕಂಪ್ಯೂಟರಿಗೆ ಇಳಿಸಿಕೊಂಡ ಇಡೀ ಫೈಲನ್ನು ಒಂದೇ ಅಳತೆಯಲ್ಲಿ ನಿಧಾನ ಮಾಡಿದರೆ ಶುರುವಿನಲ್ಲಿ ಗೊಗ್ಗರು, ಕೊನೆಯಲ್ಲಿ ಕೀಚಲು. ಕಿವಿಯಲ್ಲೇ ತಿದ್ದೋಣ ಅಂತ ಕೂತೆ. ಮ್ಯಾಚ್ ಬಿಸಿಯಾದ ಹಾಗೆ ಅಪ್ಪನ ದನಿ ತಾನಾಗೇ ಏರುತ್ತಿತ್ತು. ಅದರಲ್ಲಿ ಸೆಲ್‌ದೆಷ್ಟು, ಅಪ್ಪನದೆಷ್ಟು? ಕಿವಿಗೆ ಗೊತ್ತಾಗುವುದಿಲ್ಲ. ಹಳಬರು ಕೈಬಿಡಿ ಅಂದದ್ದು ಇಲ್ಲೇ.

ದಾರಿ ಸಿಕ್ಕಿದ್ದು ಟ್ಯೂಬ್‌ಲೈಟಿನಿಂದ. ಹಾಲ್‌ನಲ್ಲಿ ಹಳೇ ಚೋಕಿನ ಟ್ಯೂಬ್‌ಲೈಟ್ ಇತ್ತು. ಕರೆಂಟ್ 50 ಹರ್ಟ್ಸ್ ಇದ್ದರೆ ಚೋಕು ಅದರ ಎರಡರಷ್ಟು, 100ರಲ್ಲಿ ಗುಂಯ್ ಅನ್ನುತ್ತದೆ. ಅದು ಟೇಪಿನಲ್ಲೂ ಕೂತಿತ್ತು. ಟೇಪಿನ ವೇಗ ಎಷ್ಟು ತಪ್ಪಿದೆಯೋ ಆ ಗುಂಯ್ ಕೂಡ ಅಷ್ಟೇ ತಪ್ಪಿರಬೇಕು ಅಲ್ವಾ? ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣ ಯಾವ ಫ್ರೀಕ್ವೆನ್ಸಿ ಇದೆ ಅಂತ ತೋರಿಸುವ ಚಿತ್ರ) ತೆಗೆದು, ಸಣ್ಣ ವ್ಯತ್ಯಾಸವೂ ಕಾಣಲಿ ಅಂತ ವಿಂಡೋ ಸೈಜ್ ದೊಡ್ಡದಾಗಿ ಇಟ್ಟು ನೋಡಿದೆ. ತಳದಲ್ಲಿ ಒಂದು ತೆಳು ಗೆರೆ, ಶುರುವಿನಲ್ಲಿ ನೂರರ ಸುತ್ತ, ಕೊನೆಯಲ್ಲಿ ನೂರಿಪ್ಪತ್ತೈದರ ಹತ್ತಿರ. ಆ ಗೆರೆಯನ್ನು ಮಟ್ಟ ಮಾಡಿದರೆ ಅಪ್ಪನ ದನಿಯೂ ಮಟ್ಟ.

ಎರಡು ಎಚ್ಚರ. ನಿಮ್ಮ ಡೆಕ್ಕಿನ ಗುಂಯ್ ಕೂಡ ಫೈಲಿನಲ್ಲಿ ಸೇರಿರುತ್ತದೆ. ಅದು ಕದಲದೇ ನೇರ ನಿಂತಿರುತ್ತದೆ, ಏರುವ ಗೆರೆಯೇ ಟೇಪಿನದು. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ಎರಡನೆಯದು, ಗಂಡಸರ ದನಿಯ ತಳವೂ ನೂರರ ಸುತ್ತಲೇ ಇರುವುದರಿಂದ ಗೆರೆ ಮುಚ್ಚಿಹೋಗುತ್ತದೆ. ಮಾತಿನ ಮಧ್ಯೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಅಳೆಯಬೇಕು. ಮೊದಲು ಅರ್ಧರ್ಧ ನಿಮಿಷದ ತುಂಡು ಮಾಡಿ ಕೈಯಲ್ಲೇ ತಿದ್ದಿದೆ, ಬೆನ್ನು ಮುರಿಯಿತು. ಆಮೇಲೆ ಒಂದು ಸ್ಕ್ರಿಪ್ಟ್ ಬರೆದುಕೊಂಡೆ. ಅಳತೆಗಳ ನಡುವೆ ವೇಗವನ್ನು ಹೇಗೆ ನುಣುಪು ಮಾಡಿದೆ ಅಂತ ಮಾತ್ರ ಕೇಳಬೇಡಿ.

ಅಮ್ಮನಿಗೆ ಮತ್ತೆ ಹಾಕಿದೆ. "ಹತ್ರ ಬಂದಿದೆ. ಆದರೂ ಅವರದ್ದು ಇನ್ನೂ ಸ್ವಲ್ಪ ದಪ್ಪ." ಸಂಗೀತ ಕಲಿತವಳಲ್ಲ ನಮ್ಮಮ್ಮ. ನನ್ನ ಲೆಕ್ಕ ಸರಿ ಇದೆ, ನಿನ್ನ ನೆನಪೇ ತಪ್ಪಿರಬೇಕು ಅಂತ ಜಗಳಕ್ಕೇ ನಿಂತೆ. ಆಮೇಲೆ ಹೊಳೆಯಿತು: ಆಗ ಕರೆಂಟ್ 50 ಎಲ್ಲಿತ್ತು? 2003ರ ಆಸುಪಾಸಿನಲ್ಲಿ ವಿದ್ಯುತ್ ಗ್ರಿಡ್‌ಗೆ ಹೊಸ ದರದ ಪದ್ಧತಿ ಬರುವವರೆಗೆ ದಕ್ಷಿಣದಲ್ಲಿ ಫ್ರೀಕ್ವೆನ್ಸಿ ಬಿದ್ದೇ ಇರುತ್ತಿತ್ತು, 48ರ ಹತ್ತಿರಕ್ಕೂ ಇಳಿಯುತ್ತಿತ್ತು. ನಿಜವಾಗಿ 97 ಇದ್ದ ಗುಂಯ್ಯನ್ನು ನಾನು 100ಕ್ಕೆ ಏರಿಸಿ ಕೂರಿಸಿದರೆ ಅಪ್ಪ ಶೇಕಡಾ ಮೂರು ಬೇಗ ಮಾತಾಡುತ್ತಾರೆ, ಅಂದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದ ಅರ್ಧದಷ್ಟು ಮೇಲೆ. ಅಮ್ಮನ ಕಿವಿ ಹಿಡಿದದ್ದು ಅದನ್ನೇ.

ಇನ್ನೊಂದು ಅಳತೆ ಬೇಕಿತ್ತು. ಹೆಡ್‌ಫೋನ್ ಹಾಕಿ ಅಪ್ಪ ಸುಮ್ಮನಿರುವ ಜಾಗಗಳನ್ನೇ ಕೇಳುತ್ತಾ ಹೋದೆ. ಟಿಕ್, ಟಿಕ್. ಗೋಡೆ ಗಡಿಯಾರ! ಕ್ವಾರ್ಟ್ಜ್ ಗಡಿಯಾರ, ಸೆಕೆಂಡಿಗೆ ಒಂದು ಟಿಕ್, ಗ್ರಿಡ್ ಎಷ್ಟೇ ಕುಣಿದರೂ ಅದಕ್ಕೆ ಸಂಬಂಧವಿಲ್ಲ. ಎಲ್ಲ ಕಡೆ ಕೇಳುವುದಿಲ್ಲ, ಆದರೆ ಒಂದೊಂದು ಕ್ಯಾಸೆಟ್ಟಿನಲ್ಲಿ ಏಳೆಂಟು ಟಿಕ್ ಒಟ್ಟಿಗೆ ಸಿಕ್ಕರೂ ಸಾಕು. ಏರಿಳಿತದ ಆಕಾರ ಚೋಕಿನಿಂದ, ಪಕ್ಕಾ ಅಳತೆ ಗಡಿಯಾರದಿಂದ. ಎರಡನ್ನೂ ಜೋಡಿಸಿ ಹಾಕಿದಾಗ ಅಮ್ಮ, "ಹ್ಞೂಂ, ಅವರೇ" ಅಂದು ಒಳಗೆ ಹೋದಳು. ನನಗೆ ಅದೇ ಸರ್ಟಿಫಿಕೇಟು.

ಮೊದಲೇ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ಒರೆಸುವ ಗುಂಡಿ) ಒತ್ತಿಬಿಟ್ಟಿದ್ದರೆ ಚೋಕೂ ಇಲ್ಲ, ಗಡಿಯಾರವೂ ಇಲ್ಲ. ತಿದ್ದಿ ಮುಗಿದ ಮೇಲೂ ನಾನು ಹಾಕಲಿಲ್ಲ. ಹಾಕಿ ನೋಡಿದ ಒಂದು ಪ್ರತಿಯಲ್ಲಿ ಅಪ್ಪ ಗಂಟಲು ಸರಿಮಾಡಿಕೊಳ್ಳುವುದು, ಕುರ್ಚಿ ಕಿರುಗುಟ್ಟುವುದು, ಅಡುಗೆಮನೆಯಿಂದ ಅಮ್ಮ "ಸಾಕು ಮಲಗ್ರೀ" ಅನ್ನುವುದು, ಎಲ್ಲ ಒರೆಸಿಹೋಗಿತ್ತು.

ತೀರಾ ಖುಷಿ ಕೊಟ್ಟ ಕ್ಯಾಸೆಟ್ ಬಗ್ಗೆ ಹೇಳಲೇಬೇಕು. ಮೇಲೆ ಏನೂ ಬರೆದಿಲ್ಲ. ಒಳಗೆ ಅಪ್ಪ, "ಸಚಿನ್ ಎಂಬತ್ತೆಂಟಕ್ಕೆ ಔಟು. ನೂರ ಅರವತ್ತನಾಲ್ಕಕ್ಕೆ ಎಂಟು. ಇನ್ನೂ ಐವತ್ತೆರಡು ಬೇಕು. ಪಕ್ಕದ ಮನೆಯವರು ಟಿವಿ ಆರಿಸಿದ್ರು ಪುಟ್ಟೀ, ನಾನು ಆರಿಸಲಿಲ್ಲ" ಅನ್ನುತ್ತಾರೆ. ಇಷ್ಟು ಸಾಕಲ್ಲ ತಾರೀಕಿಗೆ? 1996ರ ಅಕ್ಟೋಬರ್ 21, ಸೋಮವಾರ, ಟೈಟನ್ ಕಪ್, ಚಿನ್ನಸ್ವಾಮಿ ಸ್ಟೇಡಿಯಂ. ಆಸ್ಟ್ರೇಲಿಯಾ ಕೊಟ್ಟ 216ರ ಗುರಿಯನ್ನು ಶ್ರೀನಾಥ್, ಕುಂಬ್ಳೆ ಇಬ್ಬರೇ ಮುಟ್ಟಿಸಿದ ಮ್ಯಾಚು. ಈ ಕ್ಯಾಸೆಟ್ಟಿನಲ್ಲೇ ಸೆಲ್ ತೀರಾ ಸೋತಿತ್ತು. ತಿದ್ದುವ ಮುಂಚೆ ಕೊನೆಯ ಓವರ್‌ಗಳು ಅರ್ಥವೇ ಆಗುತ್ತಿರಲಿಲ್ಲ. ತಿದ್ದಿದ ಮೇಲೆ, ಸೆಲ್ಲಿನ ಪಾಲು ಪೂರ್ತಿ ಕಳೆದ ಮೇಲೂ, ಅಪ್ಪನ ದನಿ ಅವರ ಮಾಮೂಲಿಗಿಂತ ಒಂದಿಷ್ಟು ಮೇಲೇ ಉಳಿಯಿತು. ಆ ಉಳಿದದ್ದು ಅಪ್ಪನದೇ. ಮುಗಿದ ಮ್ಯಾಚನ್ನು, ಗೆದ್ದಾಗಿದೆ ಅಂತ ಗೊತ್ತಿದ್ದೂ, ಅಷ್ಟು ಆತಂಕದಲ್ಲಿ ಹೇಳುತ್ತಿದ್ದರು.

ಅದೇ ವರ್ಷ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಕೂಡ ಇದೆ. ಶನಿವಾರ, ಮಾರನೇ ದಿನ ರಜಾ, ಆದರೂ ನನಗೆ ನಿದ್ದೆ ಬಂದುಬಿಟ್ಟಿತ್ತು. ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಬಾಲಿಗೇ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು. ಅಪ್ಪ "ಬೌಲ್ಡ್!" ಅಂತ ಕೂಗುವ ಎರಡು ಸೆಕೆಂಡ್ ಮುಂಚೆಯೇ ಅದೇ ಕೂಗು ಪಿಸುಮಾತಿನಷ್ಟು ಸಣ್ಣಗೆ ಕೇಳುತ್ತದೆ. ಪ್ರಿಂಟ್-ಥ್ರೂ: ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಜೋರು ಸದ್ದು ಪಕ್ಕದ ಸುತ್ತಿಗೂ ಅಚ್ಚಾಗಿರುತ್ತದೆ. ತೆಗೆಯಬಹುದೇನೋ ಅಂತ ಸುಮಾರು ಭಾನುವಾರ ಹಾಳುಮಾಡಿದೆ. ಈಗ ಹಾಗೇ ಬಿಟ್ಟಿದ್ದೇನೆ. ನನ್ನ ಮಗನಿಗೆ ಅದೇ ಆಟ, ಪಿಸುಮಾತು ಬಂದ ಕೂಡಲೇ ಅಪ್ಪನಿಗಿಂತ ಮೊದಲು ತಾನು ಕೂಗುತ್ತಾನೆ.

ಮ್ಯಾಚ್ ಇಲ್ಲದ ದಿನ ಹೇಳಿಟ್ಟ ಒಂದು ಕಥೆಯೂ ಸಿಕ್ಕಿತು: 1975ರ ಜನವರಿ, ಮದ್ರಾಸಿನಲ್ಲಿ ವಿಶ್ವನಾಥ್. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ತೆಗೆದ ಇನಿಂಗ್ಸಿನಲ್ಲಿ, ತಂಡದ 190ರಲ್ಲಿ ಅಜೇಯ 97. "ನೂರಕ್ಕೆ ಮೂರು ಕಮ್ಮಿ, ಆದರೆ ಎಷ್ಟೋ ನೂರಕ್ಕಿಂತ ಜಾಸ್ತಿ" ಅನ್ನುತ್ತಾರೆ ಅಪ್ಪ. ಅವತ್ತು ಸೆಲ್ ಹೊಸದಿತ್ತು ಅಂತ ಕಾಣುತ್ತದೆ, ತಿದ್ದುವ ಕೆಲಸವೇ ಬೀಳಲಿಲ್ಲ.

ಒಟ್ಟು ಖರ್ಚು ಲೆಕ್ಕ ಹಾಕಿದರೆ ಎರಡು ತಿಂಗಳ ಸಂಬಳ ಕೇಳಿದ್ದ ಆ ಮನುಷ್ಯನ ರೇಟಿನ ಅರ್ಧಕ್ಕಿಂತ ಚೂರು ಜಾಸ್ತಿ, ಹಾಳಾದ ಡೆಕ್ಕೂ ಸೇರಿ. ನನ್ನ ಸಮಯಕ್ಕೆ ಬೆಲೆ ಕಟ್ಟಿಲ್ಲ. ಉಳಿದ ಎರಡು ಕ್ಯಾಸೆಟ್ ಸಿ-120, ಅಂದರೆ 120 ನಿಮಿಷದವು. ಟೇಪು ಒಂಬತ್ತು ಮೈಕ್ರಾನ್ ದಪ್ಪ, ಸಿ-60ರ ಅರ್ಧ. ಕೈಯಲ್ಲಿ ಸುತ್ತಿದರೂ ಹಿಗ್ಗುತ್ತದೆ. ಅದಕ್ಕೆ ಬೇರೆ ಗಾಲಿ ಮಾಡುತ್ತಿದ್ದೇನೆ, ಅಲ್ಲಿವರೆಗೆ ಮುಟ್ಟುವುದಿಲ್ಲ.

ವಿಷಯ ತಿಳಿದು ಈಗ ಒಬ್ಬೊಬ್ಬರೇ ತಮ್ಮ ಮನೆಯ ಕ್ಯಾಸೆಟ್ ಹಿಡಿದು ಬರುತ್ತಿದ್ದಾರೆ, ಕೈಬಿಡಿ ಅಂದಿದ್ದ ಹಳಬರಲ್ಲೇ ಒಬ್ಬರು ಸೇರಿ. ಮಾಡಿಕೊಡುತ್ತೇನೆ. ಮೂಲ ಟೇಪೇ ತನ್ನಿ. ನಾಯ್ಸ್ ತೆಗೆಸಿ ಪೆನ್‌ಡ್ರೈವಿನಲ್ಲಿ ತಂದರೆ ನನ್ನಿಂದ ಏನೂ ಆಗುವುದಿಲ್ಲ.